ಚಳಿಗಾಲದಲ್ಲಿ ಮ್ಯಾಮ್ ಟಾರ್ ಹತ್ತೋ ಪ್ಲಾನ್ ಇದ್ರೆ: ಬೆಳಗಿನ ಟ್ರೈನ್ ಹಿಡೀರಿ, ರೂಮ್ ಮಾತ್ರ ಮಾಡ್ಬೇಡಿ

ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆ ಓದಕ್ಕೆ ಬಂದಿರೋ ನಮ್ಮ ಹುಡುಗ್ರು, ಹೊಸದಾಗಿ ಕೆಲಸಕ್ಕೆ ಸೇರಿರೋರು ಕ್ರಿಸ್ಮಸ್ ರಜೆಲಿ ಮ್ಯಾಮ್ ಟಾರ್ ಬೆಟ್ಟ ಇರೋ ಪೀಕ್ ಡಿಸ್ಟ್ರಿಕ್ಟ್ ಅನ್ನೋ ಗುಡ್ಡಗಾಡಿಗೆ ಹೋಗ್ಬೇಕು ಅಂತಿದ್ರೆ ಮೊದ್ಲು ರೂಮ್ ಕಥೆ ಕೇಳಿ. ನಾವು ಉಳ್ಕೊಂಡಿದ್ದು ಒಂದು ಹಳ್ಳೀಲಿ ಹಳೇ ಪಬ್ ಮೇಲಿನ ರೂಮು, ವೀಕೆಂಡ್ ಅಂತ ಎರಡು ರಾತ್ರಿ ತಗೊಳ್ಳಲೇಬೇಕಂತೆ, ರಾತ್ರಿಗೆ 140 ಪೌಂಡ್. ಹೀಟರ್ ರಾತ್ರಿ ಹತ್ತಕ್ಕೆ ತಾನಾಗೇ ಆಫ್ ಆಗುತ್ತೆ, ಕಂಟ್ರೋಲ್ ಎಲ್ಲಾ ಕೆಳಗೆ ಅವರ ಹತ್ರ, ಹೋಗಿ ಕೇಳಿದ್ರೆ ಕಪಾಟಲ್ಲಿ ಇನ್ನೊಂದು ಕಂಬಳಿ ಇದೆ ನೋಡಿ ಅಂದ್ರು. ಚಳಿ ಹೆಂಗೋ ತಡ್ಕೋಬಹುದು, ಒದ್ದೆ ಶೂ ಎಲ್ಲಿ ಒಣಗಿಸೋದು? ಬೆಳಿಗ್ಗೆ ಎದ್ದು ಅದೇ ಒದ್ದೆ ಶೂಗೆ ಕಾಲು ಹಾಕಿದ್ವಿ. ಬ್ರೇಕ್‌ಫಾಸ್ಟ್ ಸೇರಿದೆ ಅಂದಿದ್ರಲ್ಲ, ವೆಜ್‌ನೋರಿಗೆ ಸಿಕ್ಕಿದ್ದು ಒಂದು ಟೋಸ್ಟ್, ಸ್ವಲ್ಪ ಬೀನ್ಸು, ಅರ್ಧ ಟೊಮ್ಯಾಟೊ, ಬೇಕನ್ನು ಸಾಸೇಜು ತೆಗೆದಿದ್ದಕ್ಕೆ ಅದ್ರ ಬದ್ಲು ಏನೂ ಇಲ್ಲ, ರೇಟು ಮಾತ್ರ ಎಲ್ಲರಿಗೂ ಒಂದೇ. ಇದು ಹಗಲು ದರೋಡೆ. ಉಳ್ಕೊಳ್ಳಲೇಬೇಕು ಅಂದ್ರೆ ಹಾಸ್ಟೆಲ್ ನೋಡಿ, ಬುಕ್ ಮಾಡೋಕೆ ಮುಂಚೆ ಡ್ರೈಯಿಂಗ್ ರೂಮ್ ಇದ್ಯಾ ಅಂತ ಕೇಳಿ.

ನಿಜ ಹೇಳ್ಬೇಕಂದ್ರೆ ಉಳ್ಕೊಳ್ಳೋ ಅಗತ್ಯನೇ ಇಲ್ಲ. ಮ್ಯಾಂಚೆಸ್ಟರ್ ಪಿಕಡಿಲಿ ಸ್ಟೇಷನ್ನಿಂದ ಬೆಟ್ಟದ ಬುಡದಲ್ಲಿರೋ ಈಡೇಲ್ ಹಳ್ಳಿಗೆ ಟ್ರೈನಲ್ಲಿ ಮುಕ್ಕಾಲು ಗಂಟೆ, ಶೆಫೀಲ್ಡಿಂದ ಇನ್ನೂ ಹತ್ರ. ಮೂರು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಗ್ರೂಪ್‌ಸೇವ್ ಅಂತ ಟಿಕೆಟ್‌ನಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಉಳಿಯುತ್ತೆ, ಅದು ತಾನಾಗೇ ಬರಲ್ಲ, ಬುಕ್ ಮಾಡೋವಾಗ ನೀವೇ ಆರಿಸ್ಬೇಕು. ಭಾನುವಾರ ಆದ್ರೆ ಕೆಲವು ಸಲ ಹಳಿ ರಿಪೇರಿ ಅಂತ ಟ್ರೈನ್ ಬದ್ಲು ಬಸ್ ಬಿಟ್ಟಿರ್ತಾರೆ, ಹಿಂದಿನ ರಾತ್ರಿ ಒಂದ್ಸಲ ನೋಡ್ಕೊಳ್ಳಿ.

ಬೆಟ್ಟದ ಎತ್ತರ ನೋಡಿ ಯಾರೂ ಮೋಸ ಹೋಗ್ಬೇಡಿ. ಮ್ಯಾಮ್ ಟಾರ್ 517 ಮೀಟರ್. ನಮ್ ಬೆಂಗಳೂರೇ 900 ಮೀಟರ್ ಮೇಲಿದೆ, ನಂದಿ ಬೆಟ್ಟ 1,478, ಕುಮಾರ ಪರ್ವತ ಹತ್ತಿರೋ ನಮಗೆ ಇದ್ಯಾವ ಲೆಕ್ಕ ಅಂತ ಜೊತೆಗಿದ್ದ ಹಾಸನದ ಗೆಳೆಯ ಟ್ರೈನಲ್ಲಿ ಹೇಳ್ತಾನೇ ಇದ್ದ. ಇಲ್ಲಿ ಕಷ್ಟ ಕೊಡೋದು ಎತ್ತರ ಅಲ್ಲ. ಡಿಸೆಂಬರಲ್ಲಿ ನಾಲ್ಕು ಗಂಟೆ ಆಗೋಕೆ ಮುಂಚೆನೇ ಸೂರ್ಯ ಮುಳುಗಿರ್ತಾನೆ, ಗಾಳಿ ಕೆಳಗೆ ಒಂಥರ ಮೇಲೆ ಇನ್ನೊಂಥರ, ಆಮೇಲೆ ಐಸು. ಬೆಟ್ಟದ ನೆತ್ತಿ ಉದ್ದಕ್ಕೂ ಇರೋ ದಾರಿ ಸವೀಬಾರ್ದು ಅಂತ ಚಪ್ಪಡಿ ಕಲ್ಲು ಹಾಸಿದಾರೆ, ಬೇಸಿಗೇಲಿ ಅದ್ರ ಮೇಲೆ ಆರಾಮಾಗಿ ನಡೀಬಹುದು, ರಾತ್ರಿ ನೀರು ಹೆಪ್ಪುಗಟ್ಟಿದ ಮೇಲೆ ಮಾತ್ರ ಕಾಲು ನಿಲ್ಲಲ್ಲ. ಸ್ನೋ ಕಣ್ಣಿಗೆ ಕಾಣುತ್ತೆ, ಐಸ್ ಕಾಣಲ್ಲ. ಶೂ ಮೇಲೆ ಎಳೆದು ಹಾಕ್ಕೊಳ್ಳೋ ಲೋಹದ ಮುಳ್ಳಿನ ಮೈಕ್ರೋಸ್ಪೈಕ್ಸ್ ಇದ್ರೆ ತಗೊಂಡು ಹೋಗಿ, ಇಲ್ಲಾಂದ್ರೆ ಕಲ್ಲು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಇಡಿ.

ಈಡೇಲಲ್ಲಿ ಇಳಿದಾಗ ಮಂಜು, ಎದುರುಗಡೆ ಬೇಲಿನೂ ಕಾಣ್ತಿರಲಿಲ್ಲ, ವಾಪಸ್ ಹೋಗೋಣ ಅಂತ ಇಬ್ರು ಅಂದ್ರು. ನೆತ್ತಿ ಮೇಲಿರೋ ಹಾಲಿನ್ಸ್ ಕ್ರಾಸ್ ಕಡೆ ಹತ್ತೋ ದಾರಿ ಹಿಡಿದ್ವಿ, ಈಡೇಲಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ ಹೆಣ ಹೊತ್ಕೊಂಡು ಬೆಟ್ಟದ ಆ ಕಡೆ ಇರೋ ಕ್ಯಾಸಲ್ಟನ್ ಊರಿಗೆ ಹೋಗ್ತಿದ್ದ ದಾರಿ ಅದು. ಮುಕ್ಕಾಲು ಹತ್ತಿದ್ಮೇಲೆ ತಲೆ ಮೇಲೆ ನೀಲಿ ಕಾಣಿಸ್ತು, ಇನ್ನೊಂದಷ್ಟು ಹೆಜ್ಜೆ ಇಟ್ರೆ ಪೂರ್ತಿ ಬಿಸಿಲು. ಕೆಳಗೆ ಹೋಪ್ ಕಣಿವೆ ತುಂಬಾ ಬೆಳ್ಳಗೆ ಮೋಡ, ಅದ್ರ ಮಧ್ಯ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಒಂದೇ ಮೇಲಕ್ಕೆ ಚಾಚ್ಕೊಂಡಿತ್ತು. ವಾಪಸ್ ಹೋಗೋಣ ಅಂದಿದ್ದೋರೇ ಅಲ್ಲಿಂದ ಕದಲಲಿಲ್ಲ. ಇದಕ್ಕೆ ಇನ್ವರ್ಷನ್ ಅಂತಾರೆ, ರಾತ್ರಿ ಆಕಾಶ ತಿಳಿಯಾಗಿ ಗಾಳಿ ಬೀಸದೇ ಇದ್ರೆ ತಣ್ಣಗಿನ ಗಾಳಿ ಭಾರವಾಗಿ ಕಣಿವೆಗೆ ಇಳಿದು ಅಲ್ಲೇ ಕೂತ್ಕೊಳ್ಳುತ್ತೆ, ಬೆಚ್ಚನೆ ಗಾಳಿ ಮೇಲಿರುತ್ತೆ. ಹಾಗಾಗಿ ಗಾಳಿ ಇಲ್ಲ, ಕಣಿವೇಲಿ ಮಂಜು ಅಂತ ಫೋರ್ಕಾಸ್ಟ್ ಬಂದ್ರೆ ಪ್ಲಾನ್ ಕ್ಯಾನ್ಸಲ್ ಮಾಡ್ಬೇಡಿ, ಅವತ್ತೇ ಹೋಗಿ. ಇಲ್ಲಿನ ಹವಾಮಾನ ಇಲಾಖೆ ಮೆಟ್ ಆಫೀಸ್‌ನೋರು ಪೀಕ್ ಡಿಸ್ಟ್ರಿಕ್ಟ್‌ಗೆ ಅಂತಲೇ ಬೇರೆ ಮೌಂಟನ್ ಫೋರ್ಕಾಸ್ಟ್ ಕೊಡ್ತಾರೆ, ಊರಿನ ಹವಾಮಾನ ನೋಡಿ ಹೊರಡ್ಬೇಡಿ.

ಹಾಲಿನ್ಸ್ ಕ್ರಾಸಿಂದ ಪಶ್ಚಿಮಕ್ಕೆ ಮ್ಯಾಮ್ ಟಾರ್, ಪೂರ್ವಕ್ಕೆ ಬ್ಯಾಕ್ ಟಾರ್, ಲೂಸ್ ಹಿಲ್. ಮ್ಯಾಮ್ ಟಾರ್ ತುದಿಗೆ ಹೋಗಿ ಬಂದ್ವಿ, ಕಾರ್ ಪಾರ್ಕಿಂಗ್ ಹತ್ರ ಇರೋದ್ರಿಂದ ಜನವೋ ಜನ, ಫೋಟೋಗೆ ಕ್ಯೂ, ನಂಗೆ ಹತ್ತು ನಿಮಿಷಕ್ಕೆ ಸಾಕಾಯ್ತು. ಆದ್ರೆ ಕೆಳಗಿನ ಮುರಿದ ರೋಡ್ ಮೇಲಿಂದನೇ ನೋಡಿ. ಈ ಬೆಟ್ಟ ಜಾರ್ತಾನೇ ಇರುತ್ತೆ, 1819ರಲ್ಲಿ ಮಾಡಿದ ರೋಡನ್ನ ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ಮುಚ್ಚಿಬಿಟ್ರು, ಡಾಂಬರೆಲ್ಲಾ ಪದರ ಪದರವಾಗಿ ಬಿರಿದು ನಿಂತಿದೆ. ಪೂರ್ವದ ಕಡೆ ತಿರುಗಿದ್ರೆ ಜನ ಕಮ್ಮಿ ಆಗ್ತಾ ಹೋಗ್ತಾರೆ. ಬ್ಯಾಕ್ ಟಾರ್ ಹತ್ರ ಒಂದು ಕಡಿದಾದ ಏರು ಇದೆ, ಈ ಕಡೆಯಿಂದ ಹೋದ್ರೆ ಅದನ್ನ ಹತ್ತೋದಷ್ಟೇ, ಹೋಪ್ ಹಳ್ಳಿ ಕಡೆಯಿಂದ ಬಂದ್ರೆ ಐಸಲ್ಲಿ ಅದನ್ನ ಇಳೀಬೇಕು. ಅದಕ್ಕೇ ಈಡೇಲಲ್ಲಿ ಶುರು ಮಾಡಿ ಹೋಪ್‌ನಲ್ಲಿ ಮುಗಿಸಿ ಅಂತ ಒತ್ತಿ ಹೇಳ್ತಿರೋದು. ಲೂಸ್ ಹಿಲ್ 476 ಮೀಟರ್, ಕೂತ್ಕೊಂಡು ಬುತ್ತಿ ಬಿಚ್ಚೋಕೆ ಅದೇ ಜಾಗ, ನಮ್ ಚಿತ್ರಾನ್ನ ಅಷ್ಟೊತ್ತಿಗೆ ಐಸ್ ಥರ ತಣ್ಣಗಾಗಿತ್ತು ಆದ್ರೂ ಒಂದು ಅಗಳು ಉಳೀಲಿಲ್ಲ. ಕಿಂಡರ್ ಸ್ಕೌಟ್ 636 ಮೀಟರ್ ಇದೆ, ಅಲ್ಲಿಗೂ ಹೋಗೋಣ ಅನ್ಸುತ್ತೆ, ಮೇಲೆ ಪೂರ್ತಿ ಕೆಸರು ನೆಲ, ಮಂಜು ಬಂದ್ರೆ ದಿಕ್ಕೇ ತಿಳಿಯಲ್ಲ, ಮೊದಲ ಚಳಿಗಾಲಕ್ಕೆ ಬೇಡವೇ ಬೇಡ.

ಹೋಪ್‌ಗೆ ಇಳಿದ್ಮೇಲೆ ರೋಡ್ ಪಕ್ಕದಲ್ಲಿ ಒಂದು ಸಣ್ಣ ಕೆಫೆ. ಒಳಗೆ ಹೋಗ್ಬೇಕೋ ಬೇಡ್ವೋ ಅಂತ ಬಾಗಿಲಲ್ಲೇ ನಿಂತಿದ್ವಿ, ಶೂ ತುಂಬಾ ಕೆಸರು. ಅಲ್ಲಿದ್ದ ವಯಸ್ಸಾದ ಹೆಂಗಸು ನಮ್ಮನ್ನ ನೋಡಿ, ಬನ್ನಿ ಬನ್ನಿ, ಇಲ್ಲಿ ಎಲ್ಲಾರೂ ಹಂಗೇ ಬರೋದು ಅಂತ ಕರೆದು ಹೀಟರ್ ಪಕ್ಕದ ಟೇಬಲ್ ಕೊಟ್ರು. ಹಸಿ ಬಟಾಣಿ ಸೂಪು, ದಪ್ಪ ಬ್ರೆಡ್ಡು, ಬೆಣ್ಣೆ, ಆಮೇಲೆ ಇಡೀ ಆಲೂಗಡ್ಡೆ ಬೇಯಿಸಿ ಸೀಳಿ ಅದ್ರೊಳಗೆ ಚೀಸು ಬೀನ್ಸು ತುಂಬಿದ್ದು, ಒಂದೊಂದು ತಟ್ಟೆ ಇಬ್ರಿಗಾಗುವಷ್ಟು. ಸೂಪಲ್ಲಿ ಮಾಂಸದ ಸ್ಟಾಕ್ ಇದ್ಯಾ ಅಂತ ಕೇಳಿದ್ರೆ ಬೇಜಾರು ಮಾಡ್ಕೊಳ್ದೆ ಒಳಗೆ ಹೋಗಿ ಡಬ್ಬಿನೇ ತಂದು ತೋರಿಸಿದ್ರು. ಟೀ ದೊಡ್ಡ ಪಾಟಲ್ಲಿ, ಖಾಲಿ ಆದ್ಮೇಲೆ ಬಿಸಿನೀರು ಮತ್ತೆ ಹುಯ್ದು ಕೊಟ್ರು, ಅದಕ್ಕೆ ದುಡ್ಡಿಲ್ಲ. ಒಬ್ಬೊಬ್ಬರಿಗೆ ಹತ್ತು ಪೌಂಡೂ ಆಗಲಿಲ್ಲ. ಆ ರೂಮಿಗೆ ಕೊಟ್ಟ ದುಡ್ಡಲ್ಲಿ ನಾವೆಲ್ಲಾ ಇಲ್ಲಿ ಎಷ್ಟು ದಿನ ಊಟ ಮಾಡಬಹುದಿತ್ತು. ಚಳಿಗಾಲದಲ್ಲಿ ಇಂಥ ಕೆಫೆಗಳು ನಾಲ್ಕಕ್ಕೆಲ್ಲಾ ಮುಚ್ತಾರೆ, ಮೂರಕ್ಕೆ ಕೆಳಗಿರೋ ಹಂಗೆ ನಡೀರಿ.

ಕಣಿವೇಲಿ ಫೋನ್ ಸಿಗ್ನಲ್ ನಂಬ್ಕೋಬೇಡಿ, ಚಳಿಗೆ ಬ್ಯಾಟರಿನೂ ಬೇಗ ಇಳಿಯುತ್ತೆ, ಇಲ್ಲಿನ ಸರ್ಕಾರಿ ಮ್ಯಾಪ್ ಸಂಸ್ಥೆ ಓಎಸ್ (ಆರ್ಡ್ನೆನ್ಸ್ ಸರ್ವೇ) ಮಾಡಿರೋ ಎಕ್ಸ್‌ಪ್ಲೋರರ್ ಓಎಲ್1 ಮ್ಯಾಪು ಪೇಪರಿನದ್ದೇ ಒಂದಿರಲಿ, ತಲೆಗೆ ಕಟ್ಕೊಳ್ಳೋ ಟಾರ್ಚ್ ಒಬ್ಬೊಬ್ಬರಿಗೂ ಒಂದೊಂದು. ಯಾರಿಗಾದ್ರೂ ಕಾಲು ಉಳುಕಿದ್ರೆ 999ಗೆ ಫೋನ್ ಮಾಡಿ ಪೊಲೀಸ್ ಕೇಳಿ, ಅವರ ಹತ್ರ ಮೌಂಟನ್ ರೆಸ್ಕ್ಯೂ ಬೇಕು ಅನ್ನಿ. ಬರೋರೆಲ್ಲಾ ಸ್ವಯಂಸೇವಕರು, ದುಡ್ಡು ಕೇಳಲ್ಲ, ಬಿಲ್ ಬರುತ್ತೆ ಅಂತ ಹೆದರಿ ಸುಮ್ನೆ ಕೂರಬೇಡಿ. ಇನ್ನೊಂದು, ಹೋಪ್ ಸ್ಟೇಷನ್ ಊರೊಳಗಿಲ್ಲ, ಕೆಫೆಯಿಂದ ಇಪ್ಪತ್ತು ನಿಮಿಷ ನಡಿಗೆ ಇಟ್ಕೊಳ್ಳಿ, ಒಂದು ಟ್ರೈನ್ ತಪ್ಪಿದ್ರೆ ಮುಂದಿನದಕ್ಕೆ ಸುಮಾರು ಒಂದು ಗಂಟೆ ಆ ಪ್ಲಾಟ್‌ಫಾರ್ಮಲ್ಲಿ ನಡುಗ್ತಾ ನಿಂತಿರ್ಬೇಕು.