ಗೋಲಿ, ಉಪ್ಪುನೀರು, ಸಾಗರತಳದ ಶಿಲಾರಸ: ಮೂರನೆಯ ವಾರ

ಪುಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತಿರುವ ನಾಲ್ಕಿಂಚಿನ ಪಿವಿಸಿ ಕೊಳವೆಯೊಳಗೆ ತುಳಶೀಬಾಗಿನಿಂದ ತಂದ ಗಾಜಿನ ಗೋಲಿಗಳೂ ಅವುಗಳ ಸಂದಿಗಳಲ್ಲಿ ಉಪ್ಪುನೀರೂ ತುಂಬಿವೆ. ಸಾಗರತಳದ ಕೆಳಗೆ ಹಲವು ಹತ್ತು ಕಿಲೋಮೀಟರ್ ಆಳದಲ್ಲಿ ಭಾಗಶಃ ಕರಗಿರುವ ಬಂಡೆಗೆ ಇದು ನನ್ನ ಬಡ ಪ್ರತಿರೂಪ: ಗೋಲಿಗಳೆಂದರೆ ಆ ಬಂಡೆಯ ಮುಖ್ಯ ಖನಿಜವಾದ ಆಲಿವಿನ್‌ನ ಘನ ಹರಳುಗಳು, ಉಪ್ಪುನೀರೆಂದರೆ ಶಿಲಾರಸ, ಅಂದರೆ ಕರಗಿದ ಬಂಡೆ. ಇಂಥ ಮಿಶ್ರಣದಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ, ಅಂದರೆ ಅದರ ವಾಹಕತೆ ಎಷ್ಟು, ಎಂಬುದನ್ನು ಅಳೆಯುವುದು ನನ್ನ ಕೆಲಸ. ಹೋಲಿಕೆ ಪೂರ್ತಿ ಅಸಂಗತವೇನಲ್ಲ, ಏಕೆಂದರೆ ಶಿಲಾರಸದಲ್ಲಿಯೂ ವಿದ್ಯುತ್ತನ್ನು ಮುಖ್ಯವಾಗಿ ಸಾಗಿಸುವವು ಸೋಡಿಯಂನಂತಹ ಅಯಾನುಗಳೇ.

ಮೊದಲೆರಡು ವಾರ ವ್ಯರ್ಥವಾದದ್ದು ನನ್ನದೇ ತಪ್ಪಿನಿಂದ. ಸಾಮಾನ್ಯ ಮಲ್ಟಿಮೀಟರಿನಿಂದ ಅಳೆಯುತ್ತಿದ್ದುದರಿಂದ ಅದರ ಏಕಮುಖ ವಿದ್ಯುತ್ತಿಗೆ ಎಲೆಕ್ಟ್ರೋಡುಗಳ ಮೇಲೆ ಆವೇಶ ಕೂಡಿಕೊಂಡು, ಅಂಕಿಗಳು ಕಣ್ಣೆದುರೇ ಜಾರುತ್ತಿದ್ದವು. ಧಾರವಾಡದ ಕಡೆಯ ರಸಾಯನಶಾಸ್ತ್ರದ ಮೇಷ್ಟರೊಬ್ಬರು ಒಮ್ಮೆ ನೋಡಿ, "ಎಸಿ ಹಚ್ಚಿ ಅಳೀರಿ, ನಾಲ್ಕು ತಂತಿ ಇಡ್ರಿ" ಎಂದರು. ಈಗ ಬುಧವಾರ ಪೇಟೆಯಲ್ಲಿ ಕೊಂಡ ಸಣ್ಣ ಆಸಿಲೇಟರಿನಿಂದ 1 ಕಿಲೋಹರ್ಟ್ಸ್ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತನ್ನು ಹೊರಗಿನ ಎರಡು ಎಲೆಕ್ಟ್ರೋಡುಗಳ ಮೂಲಕ ಹಾಯಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜನ್ನು ಅಳೆಯುತ್ತಿದ್ದೇನೆ. ಅಂಕಿ ನಿಂತಿದೆ.

ನೀರು ಸುರಿದು ಅಳೆದಾಗ ಸಂದಿಗಳ ಪಾಲು ಶೇಕಡಾ 42 ಎಂದು ತಿಳಿಯಿತು. ಬರಿಯ ಉಪ್ಪುನೀರಿಗೆ ಹೋಲಿಸಿದರೆ ಗೋಲಿ ತುಂಬಿದ ಕೊಳವೆಯ ವಾಹಕತೆ ಮೊದಲು 0.29 ಪಾಲು ಬಂದಿತ್ತು. ಕೊಳವೆಯನ್ನು ತಟ್ಟಿ ಗಾಳಿಗುಳ್ಳೆಗಳನ್ನು ಹೊರಡಿಸಿದ ಮೇಲೆ 0.32 ಆಯಿತು. ಮಿಶ್ರಣದ ವಾಹಕತೆ ಯಾವ ಮಿತಿಗಳೊಳಗೆ ಇರಬಹುದೆಂದು ಹೇಳುವ ಹಾಶಿನ್ ಮತ್ತು ಶ್ಟ್ರಿಕ್‌ಮನ್ ಅವರ ಸೂತ್ರದಂತೆ ಗರಿಷ್ಠ ಮಿತಿ 0.33 ಇರುವುದರಿಂದ, ಆ ರಾತ್ರಿ ನನಗೆ ಊಟಕ್ಕಿಂತ ಅಂಕಿಗಳೇ ರುಚಿಸಿದವು.

ಆದರೆ ನೆಲದಾಳದಲ್ಲಿ ಕರಗಿದ ಪಾಲು ಕೆಲವೇ ಶೇಕಡಾ ಇರುವುದರಿಂದ ಗೋಲಿಗಳು ಅಲ್ಲಿಗೆ ಮುಟ್ಟಲಾರವು. ಮುಂದಿನದು ಲೆಕ್ಕದ ಕೆಲಸ. ವಾಹಕತೆಯನ್ನು ಘನ ಬಂಡೆಗೆ ಮೀಟರಿಗೆ 0.01 ಸೀಮೆನ್ಸ್ (ವಾಹಕತೆಯ ಮಾನ), ಬಸಾಲ್ಟಿನ ಶಿಲಾರಸಕ್ಕೆ 3 ಸೀಮೆನ್ಸ್, ಕರಗಿದ ಪಾಲು ಶೇಕಡಾ 3 ಎಂದು ಹಿಡಿದೆ. ಶಿಲಾರಸವು ಹರಳುಗಳ ಅಂಚುಗುಂಟ ಒಂದಕ್ಕೊಂದು ಕೂಡಿಕೊಂಡ ಜಾಲವಾಗಿದ್ದರೆ ಒಟ್ಟು ವಾಹಕತೆ 0.07ಕ್ಕೆ ಏರುತ್ತದೆ, ಅಂದರೆ ಏಳು ಪಟ್ಟು. ಅಷ್ಟೇ ಶಿಲಾರಸ ಬಿಡಿಬಿಡಿ ಹನಿಗಳಾಗಿ ಸಿಕ್ಕಿಬಿದ್ದಿದ್ದರೆ 0.011 ದಾಟುವುದಿಲ್ಲ. ಎಷ್ಟು ಕರಗಿದೆ ಎನ್ನುವುದಕ್ಕಿಂತ ಕರಗಿದ್ದು ಕೂಡಿಕೊಂಡಿದೆಯೇ ಎಂಬುದನ್ನೇ ಈ ಅಳತೆ ಹೆಚ್ಚು ಹೇಳುತ್ತದೆ ಎಂದು ನನಗೆ ಅನಿಸುವುದು ಈ ಎರಡು ಅಂಕಿಗಳಿಂದಲೇ. ಶಿಲಾರಸದಲ್ಲಿ ಕಾರ್ಬೊನೇಟ್ ಹೆಚ್ಚಿದ್ದರೆ ಇನ್ನೂ ಕಡಿಮೆ ಪ್ರಮಾಣವೇ ಸಾಕಾಗುತ್ತದೆ, ಆದರೆ ನನ್ನ ಲೆಕ್ಕದ ಹಾಳೆಯಲ್ಲಿ ಆ ಕಾಲಮ್ಮನ್ನು ಇನ್ನೂ ತೆರೆದಿಲ್ಲ.

ಇಷ್ಟಾಗಿ, ಸಾಗರತಳದಲ್ಲಿ ಉಪಕರಣವಿಟ್ಟು ಭೂಕಾಂತ ಕ್ಷೇತ್ರದ ಸಹಜ ಏರಿಳಿತಗಳನ್ನು ಅಳೆದು ಅದರಿಂದ ಆಳದ ಬಂಡೆಯ ವಾಹಕತೆಯನ್ನು ಕಂಡುಕೊಳ್ಳುವವರಿಗೆ ಮೇಲಿನ ಸಮುದ್ರವೇ ಮೊದಲ ಅಡ್ಡಿ. ನನ್ನ ಲೆಕ್ಕದಂತೆ, ನಾಲ್ಕು ಕಿಲೋಮೀಟರ್ ಆಳದ ಸಮುದ್ರವು ಸುಮಾರು 200 ಸೆಕೆಂಡಿಗಿಂತ ಕಡಿಮೆ ಅವಧಿಯ ಏರಿಳಿತಗಳನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಹಾಗಿದ್ದೂ ನಿಕರಾಗುವಾದ ಆಚೆ ಕೋಕೋಸ್ ಫಲಕದ (ಶಾಂತಸಾಗರದ ತಳದಲ್ಲಿ ಚಲಿಸುವ ಭೂಫಲಕ) ಕೆಳಗೆ 45ರಿಂದ 70 ಕಿಲೋಮೀಟರ್ ಆಳದಲ್ಲಿ ಶಿಲಾರಸ ಹೆಚ್ಚಿರುವ ಪದರವನ್ನು ಸಂಶೋಧಕರು ಗುರುತಿಸಿ 2013ರಲ್ಲಿ ಪ್ರಕಟಿಸಿದರು. ಅಲ್ಲಿ ಫಲಕ ಚಲಿಸುವ ದಿಕ್ಕಿನಲ್ಲಿಯೇ ವಾಹಕತೆ ಹೆಚ್ಚು.

ಗುಂಡು ಗೋಲಿಗಳಲ್ಲಿ ಈ ದಿಕ್ಕಿನ ಭೇದ ಕಾಣಿಸುವುದಿಲ್ಲ. ಕನ್ನಡಿ ಅಂಗಡಿಯಲ್ಲಿ ಉಳಿದ ಗಾಜಿನ ಪಟ್ಟಿಗಳನ್ನು ಕೇಳಿದ್ದೇನೆ. ಚೌಕಾಕಾರದ ತೊಟ್ಟಿಯೊಂದರಲ್ಲಿ ಅವನ್ನು ಉದ್ದುದ್ದಕ್ಕೂ ಅಡ್ಡಡ್ಡಕ್ಕೂ ಜೋಡಿಸಿ ಭಾನುವಾರ ಅಳೆಯಬೇಕು.