ಆ ಸಿನಿಮಾದಲ್ಲಿ ತೋರಿಸಿದಂತೆ ಆಗುತ್ತದೆಯೇ?

ಭಾನುವಾರ ಮಧ್ಯಾಹ್ನ ಜಯನಗರದ ಒಂದು ಮನೆಯ ಊಟದ ಮೇಜಿನ ಸುತ್ತ ಹದಿಹರೆಯದ ಮಕ್ಕಳನ್ನು ಕೂರಿಸಿಕೊಂಡು ನಾನು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ ಎಂದು ತಿಳಿದವರು ಬೇಗನೆಯೋ ತಡವಾಗಿಯೋ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಮಾಂತ್ರಿಕರು, ರಾಕ್ಷಸರು, ಗವಿಗಳು ಎಂದು ಗಂಟೆಗಟ್ಟಲೆ ಮುಳುಗಿರುವ ಮಕ್ಕಳಿಗೆ ಕೊನೆಗೆ ನಿಜ ಯಾವುದು, ಕಲ್ಪನೆ ಯಾವುದು ಎಂಬುದೇ ತಿಳಿಯದಂತಾಗುವುದಿಲ್ಲವೇ? ಕೇಳುವವರಲ್ಲಿ ಕೆಲವರು ಟಾಮ್ ಹ್ಯಾಂಕ್ಸ್ ಅಭಿನಯಿಸಿದ ಹಳೆಯ ಚಿತ್ರವೊಂದರ ತುಣುಕನ್ನು ಯೂಟ್ಯೂಬಿನಲ್ಲಿ ನೋಡಿರುತ್ತಾರೆ. ಇನ್ನು ಕೆಲವರು 2022ರಲ್ಲಿ ಬಂದ ಸ್ಟ್ರೇಂಜರ್ ಥಿಂಗ್ಸ್ ಸರಣಿಯ ನಾಲ್ಕನೆಯ ಭಾಗವನ್ನು ನೋಡಿ, ಇಡೀ ಊರು ಈ ಆಟಕ್ಕೆ ಅಷ್ಟೊಂದು ಹೆದರಬೇಕಾದರೆ ಏನೋ ಕಾರಣವಿದ್ದೀತು ಎಂದು ಊಹಿಸಿರುತ್ತಾರೆ. ಇಲ್ಲ, ಹಾಗೆ ಆಗುವುದಿಲ್ಲ ಎಂಬುದು ನನ್ನ ಚುಟುಕಾದ ಉತ್ತರ. ಆದರೆ ಆ ಭಯ ಸಿನಿಮಾಗಳಿಂದ ಬಂದದ್ದರಿಂದ, ಸಿನಿಮಾಗಳ ಮಾತನ್ನೇ ಎತ್ತಿಕೊಂಡು ವಿವರವಾಗಿ ಉತ್ತರಿಸುವುದು ಒಳ್ಳೆಯದು.

ಮೊದಲಿಗೆ ಆಟ ಏನೆಂಬುದನ್ನು ಹೇಳಿಬಿಡುತ್ತೇನೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ಆಟ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ತಾಳಮದ್ದಳೆ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ವೇಷವಿಲ್ಲದೆ, ಕುಳಿತಲ್ಲಿಂದಲೇ, ತಾನು ಕರ್ಣನೆಂದೋ ಶಲ್ಯನೆಂದೋ ಭಾವಿಸಿಕೊಂಡು ಅರ್ಥಧಾರಿ ಆ ಕ್ಷಣಕ್ಕೆ ಹುಟ್ಟಿದ ಮಾತನ್ನು ಆಡುತ್ತಾನಲ್ಲ, ಇಲ್ಲಿ ಪ್ರತಿ ಆಟಗಾರನೂ ತಾನು ಸೃಷ್ಟಿಸಿಕೊಂಡ ಪಾತ್ರದ ಪರವಾಗಿ ಮಾಡುವುದು ಅದನ್ನೇ. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಎಂಬ ಒಬ್ಬ ಕಥೆ ನಡೆಸುವವನಿರುತ್ತಾನೆ. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಹೊಡೆದ ಏಟು ತಗುಲಿತೋ ಇಲ್ಲವೋ, ಹೇಳಿದ ಸುಳ್ಳನ್ನು ಎದುರಿನವನು ನಂಬಿದನೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ರಾತ್ರಿಯಿಡೀ ರಾವಣನಾಗಿ ವಾದಿಸಿದ ಅರ್ಥಧಾರಿ ಬೆಳಿಗ್ಗೆ ಮನೆಗೆ ಹೋಗಿ ಹೆಂಡತಿಯನ್ನು ಮಂಡೋದರಿ ಎಂದು ಕರೆದಾನೆಂದು ನಮ್ಮಲ್ಲಿ ಯಾರೂ ಹೆದರಿದ್ದಿಲ್ಲ.

ಅಮೆರಿಕದಲ್ಲಿ ಆ ಹೆದರಿಕೆ ಹುಟ್ಟಿದ್ದಕ್ಕೆ ನಿರ್ದಿಷ್ಟವಾದ ಒಂದು ಘಟನೆಯಿದೆ. 1979ರ ಆಗಸ್ಟ್ 15ರಂದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಕಾಣೆಯಾದ. ಅವನಿಗಿನ್ನೂ 16 ವರ್ಷ. ಅಸಾಧಾರಣ ಬುದ್ಧಿವಂತನೆಂದು ಅಷ್ಟು ಬೇಗ ವಿಶ್ವವಿದ್ಯಾಲಯ ಸೇರಿದ್ದ. ಹೆತ್ತವರು ಟೆಕ್ಸಾಸಿನ ವಿಲಿಯಂ ಡಿಯರ್ ಎಂಬ ಖಾಸಗಿ ಪತ್ತೇದಾರನನ್ನು ನೇಮಿಸಿದರು. ಹುಡುಗ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತಿದ್ದನೆಂದು ತಿಳಿದ ಪತ್ತೇದಾರ, ವಿಶ್ವವಿದ್ಯಾಲಯದ ಕೆಳಗಿರುವ ಹಬೆ ಕೊಳವೆಗಳ ಸುರಂಗದಲ್ಲಿ ಆಟವನ್ನು ನಿಜವಾಗಿ ಆಡಲು ಹೋಗಿ ಅವನು ಸಿಕ್ಕಿಕೊಂಡಿರಬಹುದೆಂದು ಊಹಿಸಿದ. ಪತ್ರಿಕೆಗಳು ಊಹೆಯನ್ನೇ ಸುದ್ದಿಯಾಗಿಸಿದವು. ಸುಮಾರು ಒಂದು ತಿಂಗಳ ನಂತರ ಹುಡುಗ ಲೂಯಿಸಿಯಾನಾದಲ್ಲಿ ಪತ್ತೆಯಾದ. ಅವನು ಸುರಂಗಕ್ಕೆ ಇಳಿದಿದ್ದು ಹೌದು, ಆದರೆ ಇಳಿದದ್ದು ಜೀವ ಕಳೆದುಕೊಳ್ಳಲು. ತೀವ್ರ ಖಿನ್ನತೆ, ಮಾದಕ ವಸ್ತುಗಳು, ಓದಿನ ಒತ್ತಡ, ತನಗಿಂತ ದೊಡ್ಡವರ ನಡುವಿನ ಒಂಟಿತನ ಎಲ್ಲವೂ ಆ ಕಥೆಯಲ್ಲಿದ್ದವು. ಆಟ ಅದರ ಅಂಚಿನಲ್ಲೆಲ್ಲೋ ಇತ್ತು. ಮರುವರ್ಷ ಅವನು ಆತ್ಮಹತ್ಯೆ ಮಾಡಿಕೊಂಡ. ಪತ್ತೇದಾರ ಇದನ್ನೆಲ್ಲ ಪುಸ್ತಕವಾಗಿ ಬರೆದದ್ದು 1984ರಲ್ಲಿ. ಅಷ್ಟರಲ್ಲಿ ಜನರ ಮನಸ್ಸಿನಲ್ಲಿ ಇನ್ನೊಂದು ಕಥೆ ತಳವೂರಿಯಾಗಿತ್ತು.

ಆ ಇನ್ನೊಂದು ಕಥೆ ರೋನಾ ಜಾಫಿ 1981ರಲ್ಲಿ ಪ್ರಕಟಿಸಿದ ಕಾದಂಬರಿ. ಅದನ್ನು ಆಧರಿಸಿದ ಮೇಜಸ್ ಆ್ಯಂಡ್ ಮಾನ್‌ಸ್ಟರ್ಸ್ ಎಂಬ ಟಿವಿ ಚಿತ್ರವನ್ನು ಸಿಬಿಎಸ್ ವಾಹಿನಿ 1982ರ ಡಿಸೆಂಬರ್ 28ರಂದು ಪ್ರಸಾರ ಮಾಡಿತು. ಆಗಿನ್ನೂ ಅಷ್ಟಾಗಿ ಹೆಸರಾಗಿರದ ಟಾಮ್ ಹ್ಯಾಂಕ್ಸ್ ಇದರಲ್ಲಿ ರಾಬಿ ಎಂಬ ವಿದ್ಯಾರ್ಥಿ. ನಾಲ್ವರು ಗೆಳೆಯರು ಮೇಣದ ಬತ್ತಿ ಹಚ್ಚಿಟ್ಟುಕೊಂಡು ಆಟವಾಡುತ್ತಾರೆ. ಅವರಲ್ಲೊಬ್ಬ ಮೇಜಿನ ಮೇಲಿನ ಆಟ ಸಾಕು, ನಿಜವಾದ ಗುಹೆಯಲ್ಲೇ ಆಡೋಣ ಎನ್ನುತ್ತಾನೆ. ಗುಹೆಯೊಳಗೆ ರಾಬಿಗೆ ಗೊರ್ವಿಲ್ ಎಂಬ ಭೂತ ಕಣ್ಣಿಗೇ ಕಾಣುತ್ತದೆ; ಅಲ್ಲಿಂದಾಚೆ ಅವನು ತನ್ನನ್ನು ಪಾರ್ಡ್ಯೂ ಎಂಬ ಧರ್ಮಗುರುವೆಂದೇ ನಂಬುತ್ತಾನೆ, ಪ್ರೀತಿಸಿದ ಹುಡುಗಿಯಿಂದ ದೂರ ಸರಿಯುತ್ತಾನೆ. ಕೊನೆಗೆ ನ್ಯೂಯಾರ್ಕಿಗೆ ಹೋಗಿ, ದರೋಡೆಗೆ ಬಂದವನೊಬ್ಬನನ್ನು ಭೂತವೆಂದು ಭ್ರಮಿಸಿ ಚೂರಿಯಿಂದ ಇರಿದು, ಚೂರಿಯ ರಕ್ತ ಕಂಡು ಕ್ಷಣಕಾಲ ಎಚ್ಚೆತ್ತು, ರಸ್ತೆಬದಿಯ ಫೋನಿನಿಂದ ಗೆಳತಿಗೆ ಕರೆ ಮಾಡಿ ಅಳುತ್ತಾನೆ. ಆ ಒಂದು ದೃಶ್ಯದಲ್ಲಿ ಹ್ಯಾಂಕ್ಸ್ ಮುಂದೆ ಎಂಥ ನಟನಾಗಲಿದ್ದಾನೆಂಬುದು ಕಾಣುತ್ತದೆ. ಉಳಿದ ಚಿತ್ರದ ಬಗ್ಗೆ ಅಷ್ಟು ಉದಾರವಾಗಿ ಹೇಳಲಾರೆ.

ಈ ಚಿತ್ರವನ್ನು ಗಮನವಿಟ್ಟು ನೋಡಿದರೆ ಅದು ಮುಂದಿಡುವ ಸಾಕ್ಷ್ಯಕ್ಕೂ ಕೊಡುವ ತೀರ್ಪಿಗೂ ತಾಳೆಯಾಗುವುದಿಲ್ಲ. ರಾಬಿಗೆ ಮನೆ ಬಿಟ್ಟು ಹೋಗಿ ಮತ್ತೆ ಬಾರದ ಅಣ್ಣನೊಬ್ಬನಿದ್ದಾನೆ; ಮನೆಯಲ್ಲಿ ತಂದೆ ತಾಯಿಯರ ಜಗಳವಿದೆ. ಅವನು ನ್ಯೂಯಾರ್ಕಿಗೆ ಹೊರಡುವುದೇ ಆ ಅಣ್ಣನ ನೆರಳನ್ನು ಹಿಂಬಾಲಿಸಿ. ಗುಹೆಯ ಯೋಚನೆ ತಂದ ಜೇಜೇ ಅದಕ್ಕೂ ಮೊದಲು ಸಾಯಬೇಕೆಂದುಕೊಂಡಿದ್ದವನು. ಇಷ್ಟೆಲ್ಲ ಗಾಯಗಳನ್ನು ಒಂದೊಂದಾಗಿ ತೋರಿಸಿದ ಚಿತ್ರ ಕೊನೆಗೆ ಬೆರಳು ತೋರಿಸುವುದು ದಾಳದ ಕಡೆಗೆ. ಇನ್ನೂ ವಿಚಿತ್ರವೆಂದರೆ, ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರದ ಮೇಲಿಂದ ಹಾರಲು ನಿಂತ ರಾಬಿಯನ್ನು ಗೆಳೆಯರು ಉಳಿಸಿಕೊಳ್ಳುವುದು ಆಟದ ಮಾತಿನಲ್ಲೇ ಅವನನ್ನು ಮಾತಾಡಿಸಿ. ಚಿತ್ರಕಥೆ ಬರೆದವರಿಗೆ ತಾವು ಬರೆದದ್ದು ಏನೆಂದು ಹೊಳೆದಿತ್ತೋ ಇಲ್ಲವೋ, ಅವನಿಗೆ ಹುಚ್ಚು ಏರುವುದು ಮೇಜು ಬಿಟ್ಟು ಒಬ್ಬಂಟಿಯಾದಾಗ, ಅವನು ಹಿಂದಿರುಗುವುದು ಜೊತೆಯಾಟಗಾರರು ಬಂದು ನಿಂತಾಗ.

ನನ್ನ ಉತ್ತರದ ತಿರುಳು ಇಲ್ಲಿದೆ. ನಾಲ್ಕೈದು ಜನ ಕುಳಿತು ಮಾತಾಡುವುದನ್ನು ಕ್ಯಾಮೆರಾ ಒಂದೂವರೆ ಗಂಟೆ ತೋರಿಸಲಾಗದು. ನೋಡುವವರು ಎದ್ದು ಹೋಗುತ್ತಾರೆ. ಆದ್ದರಿಂದ ಆಟಗಾರನ ಮನಸ್ಸಿನಲ್ಲಿರುವುದನ್ನು ಪರದೆಯ ಮೇಲೆ ತರಲೇಬೇಕಾಗುತ್ತದೆ, ತಂದ ಕೂಡಲೇ ಅದು ಅವನೊಬ್ಬನಿಗೆ ಮಾತ್ರ ಕಾಣುವ ದೃಶ್ಯವಾಗುತ್ತದೆ. ಒಬ್ಬನಿಗೆ ಮಾತ್ರ ಕಾಣುವುದನ್ನು ನಾವು ಭ್ರಮೆ ಎನ್ನುತ್ತೇವೆ. ನಿಜವಾದ ಆಟದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಬಾಯಿಬಿಟ್ಟು ಹೇಳದ ಹೊರತು ಅಲ್ಲಿ ಏನೂ ಇರುವುದಿಲ್ಲ. ಹೇಳಿದ್ದನ್ನು ಉಳಿದವರು ಒಪ್ಪಬೇಕು, ನಿಯಮ ಒಪ್ಪಬೇಕು, ದಾಳವೂ ಒಪ್ಪಬೇಕು.

ನಮ್ಮ ಮೇಜಿನ ಒಂದು ಉದಾಹರಣೆ ಕೊಡುತ್ತೇನೆ. ಹದಿನಾಲ್ಕರ ಹುಡುಗಿಯೊಬ್ಬಳ ಪಾತ್ರ ಕಳ್ಳಿ. ಸೇತುವೆ ಕಾಯುವ ದೈತ್ಯನಿಗೆ ತಾನು ರಾಜಕುಮಾರಿ ಎಂದು ನಂಬಿಸಿ ಸುಂಕ ಕೊಡದೆ ದಾಟುವುದು ಅವಳ ಹಂಚಿಕೆ. ಗತ್ತಿನಿಂದ ಒಂದು ಭಾಷಣವನ್ನೇ ಮಾಡಿದಳು. ದಾಳ ಉರುಳಿಸು ಎಂದೆ, ಬಿದ್ದದ್ದು ನಾಲ್ಕು. ದೈತ್ಯ ನಕ್ಕುಬಿಟ್ಟ ಎಂದು ನಾನು ಹೇಳುವಷ್ಟರಲ್ಲಿ ಪಕ್ಕದ ಹುಡುಗ, ಅವಳ ಪಾತ್ರಕ್ಕೆ ವಂಚನೆಯಲ್ಲಿ ಹೆಚ್ಚುವರಿ ಅಂಕವಿದೆ, ನೀವು ಕೂಡಿಸಲಿಲ್ಲ ಎಂದು ತಕರಾರು ತೆಗೆದ. ಪುಸ್ತಕ ತೆರೆಯಲಾಯಿತು. ಕೂಡಿಸಿದರೂ ಸಾಲದು ಎಂದು ಗೊತ್ತಾದ ಮೇಲೆ, ಇಷ್ಟು ಚೆನ್ನಾಗಿ ಮಾತಾಡಿದವಳಿಗೆ ಇನ್ನೊಂದು ಅವಕಾಶ ಕೊಡಬೇಕೇ ಎಂದು ಮತ್ತೊಂದು ಸುತ್ತು ವಾದ. ಅಷ್ಟರಲ್ಲಿ ಅಡುಗೆಮನೆಯಿಂದ ಚುರುಮುರಿ ಬಂತು, ದೈತ್ಯ ಹಾಗೇ ನಿಂತಿದ್ದ. ಗೊರ್ವಿಲ್‌ನನ್ನು ಕಾಣಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ.

ಇದನ್ನು ಸರಿಯಾಗಿ ತೋರಿಸಿದ ಚಿತ್ರವೂ ಅದೇ 1982ರಲ್ಲಿ ಬಂದಿತ್ತು. ಸ್ಪೀಲ್‌ಬರ್ಗ್ ಅವರ ಇ.ಟಿ. ಚಿತ್ರದ ಮೊದಲ ಭಾಗದಲ್ಲಿ ಅಣ್ಣ ಮತ್ತವನ ಗೆಳೆಯರು ಮನೆಯ ಮೇಜಿನ ಸುತ್ತ ಇಂಥದೇ ಆಟವಾಡುತ್ತಿರುತ್ತಾರೆ, ತಮ್ಮನನ್ನು ಸೇರಿಸಿಕೊಳ್ಳಲು ಸತಾಯಿಸಿ ಪಿಜ್ಜಾ ತರಲು ಹೊರಗೆ ಅಟ್ಟುತ್ತಾರೆ. ಅಷ್ಟೇ. ಆದರೆ ಅದನ್ನು ಯಾರೂ ಆಟದ ಕುರಿತ ಚಿತ್ರವೆಂದು ನೆನಪಿಟ್ಟುಕೊಳ್ಳಲಿಲ್ಲ.

ಭಯ ಮಾತ್ರ ಬೆಳೆಯಿತು. 1982ರಲ್ಲಿ ಮಗನನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ವರ್ಜೀನಿಯಾದ ಪೆಟ್ರೀಷಿಯಾ ಪುಲ್ಲಿಂಗ್, ಶಾಲೆಯಲ್ಲಿ ನಡೆದ ಆಟದಲ್ಲಿ ಅವನಿಗೆ ಹಾಕಿದ ಶಾಪವೇ ಕಾರಣವೆಂದು ನಂಬಿ ಮೊಕದ್ದಮೆ ಹೂಡಿದರು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅವರು ಆಟದ ವಿರುದ್ಧ ಸಂಘಟನೆ ಕಟ್ಟಿದರು. ಮಗನನ್ನು ಕಳೆದುಕೊಂಡ ತಾಯಿ ಕಾರಣ ಹುಡುಕಿದ್ದನ್ನು ನಾನು ಹಳಿಯಲಾರೆ. ವಾಹಿನಿಗಳ ವಿಷಯ ಬೇರೆ. ಮೇಜಸ್ ಆ್ಯಂಡ್ ಮಾನ್‌ಸ್ಟರ್ಸ್ ಪ್ರಸಾರ ಮಾಡಿ ತಾಯಂದಿರನ್ನು ಬೆಚ್ಚಿಬೀಳಿಸಿದ ಸಿಬಿಎಸ್, ಒಂಬತ್ತೇ ತಿಂಗಳಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಹೆಸರಿನ ಕಾರ್ಟೂನನ್ನು ಶನಿವಾರ ಬೆಳಿಗ್ಗೆ ಅದೇ ತಾಯಂದಿರ ಮಕ್ಕಳಿಗೆ ತೋರಿಸತೊಡಗಿತು. ಆ ಕಾರ್ಟೂನ್ ಇನ್ನೂ ಓಡುತ್ತಿರುವಾಗಲೇ, 1985ರಲ್ಲಿ, ತನ್ನ 60 ಮಿನಿಟ್ಸ್ ಕಾರ್ಯಕ್ರಮದಲ್ಲಿ ಆಟ ಅಪಾಯಕಾರಿಯೇ ಎಂದು ಪುಲ್ಲಿಂಗ್ ಮತ್ತು ಗೈಗ್ಯಾಕ್ಸ್ ಇಬ್ಬರನ್ನೂ ಕೇಳಿತು. ಒಂದೇ ವಾಹಿನಿ ಭಯವನ್ನೂ ಮಾರಿತು, ಆಟವನ್ನೂ ಮಾರಿತು. ಆಟದ ಕಂಪನಿಯೂ ಮಣಿಯಿತು: 1989ರ ಎರಡನೆಯ ಆವೃತ್ತಿಯಿಂದ ಸೈತಾನರ, ಭೂತಗಳ ಹೆಸರುಗಳನ್ನು ಕಿತ್ತು, ಅವಕ್ಕೆ ಹೊಸ ಹೆಸರಿಟ್ಟು ಮತ್ತೆ ತಂದಿತು.

ಇದೇ ಜಾಡಿನಲ್ಲಿ ಬಂದ ಬೇರೆ ಚಿತ್ರಗಳಲ್ಲಿ ಕೆನಡಾದ ಸ್ಕಲ್‌ಡಗರಿ ಎಂಬುದು ಆಟಗಾರನನ್ನು ಕೊಲೆಗಾರನನ್ನಾಗಿಸುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದು ಸಮಯದ ಅಪವ್ಯಯ. ಸ್ಪೇನಿನದು ಗಂಭೀರ ಪ್ರಕರಣ. 1994ರಲ್ಲಿ ಮ್ಯಾಡ್ರಿಡ್‌ನಲ್ಲಿ ಇಬ್ಬರು ಯುವಕರು ಬಸ್ ನಿಲ್ದಾಣದಲ್ಲಿದ್ದ ಅಪರಿಚಿತನೊಬ್ಬನನ್ನು ಕೊಂದರು. ಅವರಲ್ಲೊಬ್ಬ ತಾನೇ ಕಟ್ಟಿಕೊಂಡ ಆಟವೊಂದರ ಹೆಸರಿನಲ್ಲಿ ಅದನ್ನು ಮಾಡಿದ್ದರಿಂದ ಪತ್ರಿಕೆಗಳು ಎಲ್ಲ ಪಾತ್ರಧಾರಣೆಯ ಆಟಗಳನ್ನೂ ಅದಕ್ಕೆ ಗಂಟುಹಾಕಿದವು. ಆ ನೆನಪು ಇನ್ನೂ ಹಸಿಯಾಗಿದ್ದಾಗಲೇ, 1999ರಲ್ಲಿ ಬಂದ ಮಾತೆಯೊ ಹಿಲ್ ನಿರ್ದೇಶನದ ಚಿತ್ರವೊಂದು ಸೆವಿಯಾ ನಗರದ ಪವಿತ್ರ ವಾರದ ಮೆರವಣಿಗೆಗಳ ನಡುವೆ ನಡೆಯುವ ಮಾರಕ ಆಟವನ್ನು ತೋರಿಸಿತು. ಚಿತ್ರವಾಗಿ ಅದು ಅಮೆರಿಕದವುಗಳಿಗಿಂತ ಎಷ್ಟೋ ಮೇಲು. ಆದರೂ ಅಲ್ಲಿರುವುದು ಮನುಷ್ಯರನ್ನು ಕಾಯಿಗಳಂತೆ ನಡೆಸುವ ಕೇಡಿಗರ ಕಥೆ. ಮೇಜಿನ ಸುತ್ತ ಕೂತವರದಲ್ಲ.

ಸಂಶೋಧನೆ ಏನು ಹೇಳುತ್ತದೆ ಎಂದು ಕೇಳುವವರಿಗೆ: 1987ರಲ್ಲಿ ಆರ್ಮಾಂಡೊ ಸೈಮನ್ ಎಂಬ ಮನಶ್ಶಾಸ್ತ್ರಜ್ಞ ಆಟಗಾರರನ್ನು ವ್ಯಕ್ತಿತ್ವ ಪರೀಕ್ಷೆಗೆ ಒಳಪಡಿಸಿ, ಆಟದ ಅನುಭವ ಹೆಚ್ಚಿದಷ್ಟೂ ಭಾವನಾತ್ಮಕ ಸ್ಥಿರತೆ ಕುಸಿಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲವೆಂದು ಬರೆದರು. 1990ರಲ್ಲಿ ಮೈಕೆಲ್ ಸ್ಟ್ಯಾಕ್‌ಪೋಲ್ ಎಂಬ ಲೇಖಕ ಪುಲ್ಲಿಂಗ್ ಅವರ ಆರೋಪಗಳನ್ನು ಒಂದೊಂದಾಗಿ ಪರಿಶೀಲಿಸಿ ಅವುಗಳ ಹುಳುಕನ್ನು ತೋರಿಸಿದರು. ಸ್ಟ್ಯಾಕ್‌ಪೋಲ್ ಸ್ವತಃ ಆಟಗಳನ್ನು ಬರೆದು ಬದುಕುತ್ತಿದ್ದವರು ಎಂಬುದನ್ನೂ ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಆದರೆ ಅವರ ಮುಖ್ಯ ವಾದಕ್ಕೆ ಅವರ ಕಸುಬು ಅಡ್ಡಿಯಲ್ಲ: ಲಕ್ಷಾಂತರ ಯುವಜನರು ಆಡುವ ಯಾವ ಆಟವನ್ನು ತೆಗೆದುಕೊಂಡರೂ ಅವರಲ್ಲಿ ಕೆಲವರು ಖಿನ್ನತೆಯಿಂದ ಬಳಲುತ್ತಿರುತ್ತಾರೆ, ಅವರ ಕೋಣೆಯಲ್ಲಿ ಆ ಆಟದ ಪುಸ್ತಕ ಸಿಕ್ಕಿದ್ದರಿಂದ ಏನೂ ಸಾಬೀತಾಗುವುದಿಲ್ಲ.

ಹಾಗಾದರೆ ಕಾಳಜಿಗೆ ಕಾರಣವೇ ಇಲ್ಲವೇ? ಇದೆ, ಸಿನಿಮಾ ತೋರಿಸಿದ ಕಡೆಯಲ್ಲಿಲ್ಲ ಅಷ್ಟೇ. ಆನ್‌ಲೈನಿನಲ್ಲಿ ಅಪರಿಚಿತ ವಯಸ್ಕರ ಜೊತೆ ಮಧ್ಯರಾತ್ರಿಯವರೆಗೆ ಆಡುವ ಹನ್ನೆರಡರ ಹುಡುಗನ ಬಗ್ಗೆ ನನಗೂ ಕಳವಳವಾಗುತ್ತದೆ. ಅವನು ಚೆಸ್ ಆಡುತ್ತಿದ್ದರೂ ಆಗುತ್ತಿತ್ತು. ಮನೆಯಲ್ಲಿ ಮಾತು ನಿಲ್ಲಿಸಿ, ಊಟ ನಿದ್ದೆ ಬಿಟ್ಟು, ಸಾವಿನ ಮಾತಾಡುವ ಮಗುವಿಗೆ ಬೇಕಾದದ್ದು ಮನೋವೈದ್ಯರು. ಅಂಥ ಸಮಯದಲ್ಲಿ ವಾರಕ್ಕೊಮ್ಮೆ ಅದು ಗೆಳೆಯರ ಜೊತೆ ಕೂರುವ ಒಂದೇ ಜಾಗವನ್ನೂ ಕಿತ್ತುಕೊಂಡು, ರೋಗದ ಬೇರು ಕಿತ್ತೆವೆಂದು ನಿರಾಳವಾಗುವ ಹೆತ್ತವರಿಗೆ ನಾನು ಹೆದರುತ್ತೇನೆ.

ಇತ್ತೀಚೆಗೆ ತೆರೆಯ ಮೇಲೆ ಗಾಳಿ ತಿರುಗಿದೆ. ಆಟವಾಡಿದರೆ ನರಕವೇ ಗತಿ ಎಂದು 1984ರಲ್ಲಿ ಜ್ಯಾಕ್ ಚಿಕ್ ಪ್ರಕಟಿಸಿದ್ದ ಧಾರ್ಮಿಕ ಚಿತ್ರಪುಸ್ತಿಕೆಯನ್ನು, ಅವರದೇ ಅನುಮತಿ ಪಡೆದು, ಆಟಪ್ರಿಯರೇ 2014ರಲ್ಲಿ ಚಿತ್ರವಾಗಿಸಿದರು; ಮಾತುಗಳನ್ನು ಗಂಭೀರವಾಗಿ ಇದ್ದಹಾಗೇ ಆಡಿಸಿದ್ದರಿಂದಲೇ ಅದು ನಗೆಚಿತ್ರವಾಯಿತು. ಸ್ಟ್ರೇಂಜರ್ ಥಿಂಗ್ಸ್ ಆ ಭಾಗದಲ್ಲಿ, 1986ರ ಕಾಲ್ಪನಿಕ ಊರೊಂದರಲ್ಲಿ, ಆಟದ ಕ್ಲಬ್ ನಡೆಸುವ ಎಡ್ಡಿ ಎಂಬ ಹುಡುಗನನ್ನು ಕೊಲೆಗಾರನೆಂದು ಊರವರು ಬೇಟೆಯಾಡುತ್ತಾರೆ. ಪ್ರೇಕ್ಷಕರು ನಿಲ್ಲುವುದು ಎಡ್ಡಿಯ ಪಕ್ಕದಲ್ಲಿ. ಅದನ್ನು ನೋಡಿ ನನ್ನನ್ನು ಪ್ರಶ್ನಿಸುವವರಿಗೆ, ಸರಣಿ ಬೆರಳು ತೋರಿಸುತ್ತಿರುವುದು ಆಟದ ಕಡೆಗಲ್ಲ, ಊರಿನ ಕಡೆಗೆ ಎಂದು ನೆನಪಿಸುತ್ತೇನೆ.

ಮೇಜಸ್ ಆ್ಯಂಡ್ ಮಾನ್‌ಸ್ಟರ್ಸ್ ಚಿತ್ರವನ್ನು ಮಕ್ಕಳಿಗೆ ತೋರಿಸಬಹುದೇ ಎಂದೂ ಕೆಲವರು ಕೇಳುತ್ತಾರೆ. ಹೈಸ್ಕೂಲಿನ ಮಕ್ಕಳಿಗೆ ತೋರಿಸಬಹುದು. ಗೋಪುರದ ದೃಶ್ಯ ಮತ್ತು ಜೇಜೇಯ ಸಾವಿನ ಯೋಚನೆಯಿರುವ ಭಾಗ ಬಂದಾಗ ಪಕ್ಕದಲ್ಲಿ ದೊಡ್ಡವರಿರಬೇಕು. ಮುಗಿದ ಮೇಲೆ ಆ ರಾಬಿಗೆ ಏನಾಗಿತ್ತು ಎಂದು ಮಕ್ಕಳನ್ನೇ ಕೇಳಿ. ನಮ್ಮ ಮೇಜಿನವರು ನೋಡಿದಾಗ ಮೊದಲು ಮಾತಾಡಿದ್ದು ಆ ಕಳ್ಳಿಯ ಪಾತ್ರದ ಹುಡುಗಿ: ಅವನ ಅಣ್ಣ ಕಾಣೆಯಾದ ವಿಷಯ ಮನೆಯಲ್ಲಿ ಯಾರೂ ಅವನ ಹತ್ತಿರ ಯಾಕೆ ಮಾತಾಡಲಿಲ್ಲ ಎಂದು ಕೇಳಿದಳು.