ಜನವರಿಗೆ ಎಪ್ಪತ್ತು

“ಜನವರಿಗೆ ನನಗೆ ಎಪ್ಪತ್ತು ತುಂಬುತ್ತೆ. ಆಗ ಇದೇ ಕಾರ್ಡ್ ತಂದ್ರೆ ಆಗುತ್ತಾ?”

“ಆಗುತ್ತೆ ಮ್ಯಾಮ್.”

ಮಂಗಳವಾರದಿಂದ ಈ ಎರಡು ಮಾತು ನನ್ನನ್ನು ಬಿಡುತ್ತಿಲ್ಲ. ಪಾತ್ರೆ ತೊಳೆಯುವಾಗ ನೆನಪಾಗುತ್ತದೆ. ಆಫೀಸಿನ ಮೀಟಿಂಗ್ ನಡುವೆ ನೆನಪಾಗುತ್ತದೆ. ಕೇಳಿದವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ರೇಟು ವಿಚಾರಿಸುವ ಹಾಗೆ ಮೆತ್ತಗೆ ಕೇಳಿದರು. ಉತ್ತರ ಕೊಟ್ಟ ಹುಡುಗನೂ ಮರ್ಯಾದೆಯಿಂದಲೇ ಹೇಳಿದ. ಅದಕ್ಕೇ ಇರಬೇಕು, ಇಷ್ಟು ಚುಚ್ಚುತ್ತಿರುವುದು.

ಅಮೆರಿಕದ ಟೆಕ್ಸಾಸಿನಲ್ಲಿ, ಹ್ಯೂಸ್ಟನ್ ಪಕ್ಕದ ನಮ್ಮೂರಿನ ಲೈಬ್ರರಿಯಲ್ಲಿ ಮುಂಗಡ ಮತದಾನ, ಅಂದರೆ ಚುನಾವಣೆಯ ದಿನಕ್ಕೆ ಮೊದಲೇ ಮತ ಹಾಕುವುದು. ಊಟದ ಬಿಡುವಿನಲ್ಲಿ ಓಡಿದ್ದೆ. ನನ್ನ ಮುಂದೆ ನಿಂತಿದ್ದವರು ಒಬ್ಬ ಕಪ್ಪು ಹೆಂಗಸು, ನಮ್ಮಮ್ಮನಿಗಿಂತ ಒಂದೆರಡು ವರ್ಷ ದೊಡ್ಡವರು. ಇಸ್ತ್ರಿ ಮಾಡಿದ ಹೂವಿನ ಅಂಗಿ, ಕಿವಿಯಲ್ಲಿ ಮುತ್ತು, ಕೈಯಲ್ಲಿ ಕೋಲು. ಮತ ಹಾಕಲು ಅಷ್ಟು ಚೆನ್ನಾಗಿ ತಯಾರಾಗಿ ಬರುವವರನ್ನು ಕಂಡರೆ ನನಗೆ ಸುಮ್ನೆ ಗೌರವ ಬರುತ್ತದೆ. ನಮ್ಮಜ್ಜಿಯೂ ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಟುಕೊಂಡೇ ಬೂತಿಗೆ ಹೋಗುತ್ತಿದ್ದರು.

ಮೇಜಿನ ಹತ್ತಿರ ಹೋಗಿ ಡ್ರೈವಿಂಗ್ ಲೈಸೆನ್ಸ್ ಕೊಟ್ಟರು. ಹುಡುಗ ನೋಡಿದ. ಹೆಸರು ಪಟ್ಟಿಯಲ್ಲಿದೆ. ವಿಳಾಸ ಸರಿಯಿದೆ. ಫೋಟೋ ಅವರದ್ದೇ. ಆದರೆ ಕಾರ್ಡಿನ ಅವಧಿ ಮುಗಿದು ಐದು ವರ್ಷವಾಗಿದೆ. ಕಣ್ಣು ಮಂಜಾದ ಮೇಲೆ ಅವರು ಕಾರು ಓಡಿಸುವುದು ಬಿಟ್ಟಿದ್ದಾರೆ, ಲೈಸೆನ್ಸ್ ನವೀಕರಿಸಿಲ್ಲ. ಟೆಕ್ಸಾಸಿನ ನಿಯಮದಲ್ಲಿ 70 ಆಗದವರ ಕಾರ್ಡ್ ಅವಧಿ ಮುಗಿದು 4 ವರ್ಷ ದಾಟಿರಬಾರದು. 70 ಆದವರಿಗೆ ಎಷ್ಟು ಹಳೆಯದಾದರೂ ನಡೆಯುತ್ತದೆ. “ಹೋದ ಸಲ ಇದನ್ನೇ ತೋರಿಸಿ ಹಾಕಿದ್ದೆ” ಅಂದರು. ಹೌದು, ಹೋದ ಸಲ ನಾಲ್ಕು ವರ್ಷ ಆಗಿರಲಿಲ್ಲ. ಆಮೇಲೆಯೇ ಆ ಎಪ್ಪತ್ತರ ಪ್ರಶ್ನೆ ಕೇಳಿದ್ದು.

ನನ್ನ ಹಿಂದಿದ್ದ ಒಬ್ಬರು ಗಡಿಯಾರ ನೋಡಿ ಜೋರಾಗಿ ಉಸಿರು ಬಿಟ್ಟರು. ಸಾಲಿನಲ್ಲಿ ಎರಡು ನಿಮಿಷ ಜಾಸ್ತಿ ನಿಲ್ಲಲು ಅಷ್ಟು ಕಷ್ಟವಾಗಿತ್ತೇ ಅವರಿಗೆ? ನನಗೆ ಆ ಮನುಷ್ಯನ ಮೇಲೆ ಇನ್ನೂ ಸಿಟ್ಟಿದೆ.

ಅಷ್ಟರಲ್ಲಿ ಇನ್ನೊಬ್ಬ ಹಿರಿಯ ಸಿಬ್ಬಂದಿ ಬಂದರು. ಒಂದು ಫಾರಂ ಇದೆ ಅಂದರು. ಕಾರ್ಡ್ ಮಾಡಿಸಲು ಯಾಕೆ ಆಗಲಿಲ್ಲ ಅಂತ ಅದರಲ್ಲಿ ಗುರುತು ಹಾಕಿ ಸಹಿ ಮಾಡಬೇಕು. ಓಡಾಡಲು ವಾಹನ ಇಲ್ಲ, ಕಾಯಿಲೆ, ಕೆಲಸದ ಹೊತ್ತು, ಮನೆ ಜವಾಬ್ದಾರಿ, ಹೀಗೆ ಏಳು ಕಾರಣಗಳಿವೆ. ಸುಳ್ಳು ಬರೆದರೆ ಶಿಕ್ಷೆ. ಜೊತೆಗೆ ಹೆಸರು, ವಿಳಾಸ ಇರುವ ಒಂದು ಕಾಗದ ಬೇಕು. ಕರೆಂಟ್ ಬಿಲ್ಲು, ಬ್ಯಾಂಕಿನ ಲೆಕ್ಕ, ಸಂಬಳದ ಚೀಟಿ, ಮತದಾರರ ನೋಂದಣಿ ಪತ್ರ, ಇಂಥದ್ದು. ಆ ತಾಯಿ ಪರ್ಸನ್ನೆಲ್ಲ ಮೇಜಿನ ಮೇಲೆ ಸುರಿದು ಹುಡುಕಿದರು. ಕನ್ನಡಕದ ಡಬ್ಬಿ, ಮಾತ್ರೆ ಚೀಟಿ, ಚರ್ಚಿನ ಲಕೋಟೆ. ಅವರು ಹೇಳಿದ ಕಾಗದ ಯಾವುದೂ ಸಿಗಲಿಲ್ಲ. ಅವಧಿ ಮುಗಿದ ಆ ಲೈಸೆನ್ಸನ್ನೇ ವಿಳಾಸದ ಕಾಗದವಾಗಿ ತೋರಿಸಬಹುದಿತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ. ಅಲ್ಲಿ ಯಾರೂ ಅದನ್ನು ಹೇಳಲಿಲ್ಲ. ಕೊನೆಗೆ ತಾತ್ಕಾಲಿಕ ಮತ ಹಾಕಬಹುದು ಅಂದರು. ಆದರೆ ಅದು ಎಣಿಕೆಗೆ ಬರಬೇಕಾದರೆ ಚುನಾವಣೆ ಆದ 6 ದಿನದೊಳಗೆ ನೋಂದಣಿ ಕಚೇರಿಗೆ ಹೋಗಿ ದಾಖಲೆ ತೋರಿಸಬೇಕು.

“ಅಲ್ಲಿಗೆಲ್ಲಾ ಹೋಗೋಕಾಗಿದ್ರೆ ನನ್ನ ಹತ್ರ ಹೊಸ ಕಾರ್ಡೇ ಇರ್ತಿತ್ತಪ್ಪ” ಅಂತ ಹೇಳಿ ಸಾಮಾನೆಲ್ಲ ಒಂದೊಂದಾಗಿ ಪರ್ಸಿಗೆ ತುಂಬಿಕೊಂಡು ಪಕ್ಕಕ್ಕೆ ಸರಿದರು.

ನನ್ನ ಸರದಿ. ನನ್ನ ಹೆಸರಿನ ಪಾಡು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಅಪ್ಪನ ಹೆಸರು ಬರೀ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ. ಲೈಸೆನ್ಸಿಗೂ ಮತಪಟ್ಟಿಗೂ ತಾಳೆ ಆಗಲಿಲ್ಲ. ಎದೆ ಧಸಕ್ಕೆಂದಿತು. ಆದರೆ ಹೆಸರು ಹೆಚ್ಚುಕಡಿಮೆ ಹೋಲಿದರೆ ಸಾಕು ಅನ್ನುವ ನಿಯಮ ಇದೆ. “ಇಲ್ಲಿ ಒಂದು ಚಿಕ್ಕ ಸಹಿ ಹಾಕಿ” ಅಂದ ಹುಡುಗ. ಅರ್ಧ ನಿಮಿಷದಲ್ಲಿ ಮುಗಿಯಿತು. ನಾನು ಈ ದೇಶದ ಪ್ರಜೆಯಾಗಿ ಮೂರು ವರ್ಷ. ಹೆಸರು ಸರಿಯಾಗಿ ಹೊಂದದ ನನ್ನನ್ನು ಒಳಗೆ ಬಿಟ್ಟರು. ಎಲ್ಲ ಹೊಂದಿದ್ದ ಅವರು ಹೊರಗೆ ಹೋದರು.

ಮತ ಹಾಕಿ ಬಂದಾಗ ಅವರು ಬಾಗಿಲ ಹತ್ತಿರದ ಬೆಂಚಿನಲ್ಲಿ ಮೊಮ್ಮಗನಿಗಾಗಿ ಕಾಯುತ್ತಿದ್ದರು. ನನ್ನ ಕಾರಿದೆ, ಮನೆಗೆ ಹೋಗಿ ಬಿಲ್ಲು ತರೋಣ್ವಾ ಅಂತ ಕೇಳಿದೆ. ಮನೆಯ ಬಿಲ್ಲೆಲ್ಲ ಮಗಳ ಹೆಸರಲ್ಲಿದೆಯಂತೆ. ನೋಂದಣಿ ಪತ್ರ ಎಲ್ಲೋ ಇರಬೇಕು, ಹುಡುಕುತ್ತೇನೆ ಅಂದರು. 65 ದಾಟಿದವರು ಅಂಚೆಯಲ್ಲೂ ಹಾಕಬಹುದಲ್ವಾ ಅಂದೆ. “ಒಂದು ಸಲ ಕಳಿಸಿದ್ದೆ. ನಂಬರ್ ಸರಿಯಿಲ್ಲ ಅಂತ ತಳ್ಳಿಹಾಕಿದ್ರು” ಅಂದರು. ಇಲ್ಲಿ 2021ರ ಕಾನೂನಿನ ನಂತರ ಅಂಚೆ ಮತದ ಲಕೋಟೆಯಲ್ಲಿ ಗುರುತಿನ ನಂಬರ್ ಬರೆಯಬೇಕು, ಅದು ಸರ್ಕಾರದ ದಾಖಲೆಗೆ ಹೊಂದಬೇಕು. 2022ರ ಮಾರ್ಚಿನ ಪ್ರೈಮರಿಯಲ್ಲಿ, ಅಂದರೆ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಚುನಾವಣೆಯಲ್ಲಿ, 24,000ಕ್ಕೂ ಹೆಚ್ಚು ಅಂಚೆ ಮತಗಳು ತಿರಸ್ಕೃತವಾಗಿದ್ದವು.

ಆಮೇಲೆ ಅವರಾಗಿಯೇ ತಮ್ಮ ಅಮ್ಮನ ಮಾತು ತೆಗೆದರು. ಪೂರ್ವ ಟೆಕ್ಸಾಸಿನ ಹಳ್ಳಿ. ಮತ ಹಾಕಬೇಕಾದರೆ ತೆರಿಗೆ ಕಟ್ಟಬೇಕಿತ್ತು. ಅಮ್ಮ ಬಟ್ಟೆ ಒಗೆದು ದುಡ್ಡು ಕೂಡಿಡುತ್ತಿದ್ದರಂತೆ. “ರಸೀದಿನ ಬೈಬಲ್ ಒಳಗೆ ಇಡ್ತಿದ್ಲು. ಅದು ಕಳೆದ್ರೆ ಆ ವರ್ಷದ ಮತ ಹೋದ ಹಾಗೆ.” ಮನೆಗೆ ಬಂದು ಓದಿದೆ. 1902ರಿಂದ 1966ರವರೆಗೆ ಟೆಕ್ಸಾಸಿನಲ್ಲಿ ಈ ತೆರಿಗೆ ಇತ್ತು. ಒಂದೂವರೆಯಿಂದ ಒಂದೂಮುಕ್ಕಾಲು ಡಾಲರ್. ಕಪ್ಪು ಜನರಿಗೆ ಮಾತ್ರ ಅಂತ ಬರೆದಿರಲಿಲ್ಲ, ಎಲ್ಲರಿಗೂ ಅಂತಲೇ ಇತ್ತು. ಆದರೆ ಆ ದುಡ್ಡು ಯಾರ ಕೈಗೆ ಭಾರ ಅಂತ ನಿಯಮ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು.

ರಾತ್ರಿ ನಮ್ಮನೆಯವರ ಹತ್ತಿರ ಹೇಳಿದೆ. ಒಳ್ಳೆ ಮನುಷ್ಯ, ಆದರೆ ಎಲ್ಲದರಲ್ಲೂ ಲೆಕ್ಕ ಹುಡುಕುತ್ತಾರೆ. “ಐಡಿ ಕೇಳೋದ್ರಲ್ಲಿ ತಪ್ಪೇನಿದೆ? ಊರಲ್ಲೂ ಕೇಳ್ತಾರಲ್ವಾ? ಈ ಕಾನೂನಿಂದ ಒಟ್ಟು ಮತದಾನ ಏನೂ ಕಮ್ಮಿಯಾಗಿಲ್ಲ ಅಂತ ದೊಡ್ಡ ಅಧ್ಯಯನಾನೇ ಇದೆ” ಅಂದರು. ಆ ಅಧ್ಯಯನ ಇರುವುದು ನಿಜ. ನನ್ನ ಕಣ್ಣ ಮುಂದೆ ಇದ್ದದ್ದು ಆ ಕೋಲು, ಆ ಮುತ್ತಿನ ಓಲೆ. ಒಟ್ಟು ಲೆಕ್ಕದಲ್ಲಿ ಅವರು ಎಲ್ಲಿ ಕಾಣಿಸುತ್ತಾರೆ?

ಊರಲ್ಲೂ ಕೇಳುತ್ತಾರೆ, ಸರಿ. ಅರಸೀಕೆರೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. “ವೋಟರ್ ಕಾರ್ಡ್ ಸಿಗ್ಲಿಲ್ಲ ಅಂದ್ರೆ ಆಧಾರ್ ತೋರಿಸ್ತೀವಿ ಕಣೇ. ಫೋಟೋ ಇರೋ ಪಾಸ್‌ಬುಕ್ಕೂ ಆಗುತ್ತೆ. ನಿಂಗಮ್ಮ ಉದ್ಯೋಗ ಖಾತ್ರಿ ಕಾರ್ಡ್ ತೋರಿಸಿ ಹಾಕಿದ್ಲು” ಅಂದರು. ಮತಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಕೇಳಲು ಅಂಗನವಾಡಿ ಟೀಚರ್ ಮನೆ ಬಾಗಿಲಿಗೇ ಬಂದಿದ್ದರಂತೆ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ, 1993ರಲ್ಲಿ, ಫೋಟೋ ಗುರುತಿನ ಚೀಟಿ ಶುರುವಾದಾಗ ಅದನ್ನು ಮಾಡಿಕೊಡುವ ಹೊಣೆಯನ್ನೂ ಸರ್ಕಾರವೇ ಹೊತ್ತಿತು. ಬಡವರ ಜೇಬಿನಲ್ಲಿ ಯಾವ ಕಾಗದ ಇರುತ್ತದೋ ಅದನ್ನೂ ಪಟ್ಟಿಗೆ ಸೇರಿಸಿಕೊಂಡರು. ನಮ್ಮಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. 2025ರಲ್ಲಿ ಬಿಹಾರದ ಮತಪಟ್ಟಿ ಪರಿಷ್ಕರಣೆಗೆ ಕೇಳಿದ 11 ದಾಖಲೆಗಳಲ್ಲಿ ಆಧಾರ್ ಇರಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸೇರಿತು. ಅಲ್ಲೂ ಪ್ರಶ್ನೆ ಅದೇ ಆಗಿತ್ತು, ಯಾವ ಕಾಗದ, ಅದು ಯಾರ ಮನೆಯಲ್ಲಿದೆ.

ಟೆಕ್ಸಾಸಿನ ಪಟ್ಟಿಯಲ್ಲಿ ಏಳು ಕಾರ್ಡುಗಳಿವೆ. ಬಂದೂಕಿನ ಲೈಸೆನ್ಸ್ ನಡೆಯುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಡ್ ನಡೆಯುವುದಿಲ್ಲ. ಈ ಕಾನೂನು 2011ರಲ್ಲೇ ಆಗಿತ್ತು. ಆಗ ಟೆಕ್ಸಾಸಿನಂಥ ರಾಜ್ಯಗಳು ಮತದಾನದ ನಿಯಮ ಬದಲಿಸಲು ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು, ಅದು ಸಿಕ್ಕಿರಲಿಲ್ಲ. 2013ರ ಜೂನ್ 25ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಕಟ್ಟುಪಾಡನ್ನು ಬಿಚ್ಚಿತು. ಕಾನೂನು ಜಾರಿಯಾಗುತ್ತದೆ ಅಂತ ಟೆಕ್ಸಾಸ್ ಅದೇ ದಿನ ಸಾರಿತು. ಒಂದು ರಾತ್ರಿಯೂ ಕಾಯಲಿಲ್ಲ.

ಈ ಕಾನೂನಿನ ಬಗ್ಗೆ 2014ರಲ್ಲಿ ಫೆಡರಲ್ ನ್ಯಾಯಾಧೀಶೆ ನೆಲ್ವಾ ಗೊನ್ಸಾಲೆಸ್ ರಾಮೋಸ್ ಕೊಟ್ಟ ತೀರ್ಪನ್ನು ಈ ವಾರ ಕೂತು ಓದಿದೆ. ನೋಂದಾಯಿಸಿದ ಮತದಾರರಲ್ಲಿ ಸುಮಾರು 6 ಲಕ್ಷ ಜನರ ಹತ್ತಿರ ಆ ಕಾರ್ಡುಗಳು ಇರಲಿಲ್ಲ. ಬಿಳಿಯರಿಗೆ ಹೋಲಿಸಿದರೆ ಕಾರ್ಡ್ ಇಲ್ಲದಿರುವ ಸಾಧ್ಯತೆ ಹಿಸ್ಪಾನಿಕ್ (ಸ್ಪ್ಯಾನಿಶ್ ಮಾತಾಡುವ ನಾಡುಗಳ ಮೂಲದ) ಮತದಾರರಲ್ಲಿ ಶೇ. 195, ಕಪ್ಪು ಮತದಾರರಲ್ಲಿ ಶೇ. 305 ಜಾಸ್ತಿ. ಇನ್ನೊಬ್ಬರ ಹೆಸರಿನಲ್ಲಿ ಬೂತಿಗೆ ಬಂದು ಮತ ಹಾಕಿ ಶಿಕ್ಷೆಯಾದ ಪ್ರಕರಣ, ಕಾನೂನು ಬರುವ ಮುಂಚಿನ ಹತ್ತು ವರ್ಷದಲ್ಲಿ, ಎರಡು. ಚಲಾಯಿಸಿದ ಮತ 2 ಕೋಟಿ. 2016ರಲ್ಲಿ ಮೇಲಿನ ಕೋರ್ಟೂ ಇದರಿಂದ ಕಪ್ಪು ಮತ್ತು ಹಿಸ್ಪಾನಿಕ್ ಜನರಿಗೆ ತಾರತಮ್ಯವಾಗುತ್ತಿದೆ ಅಂತ ಒಪ್ಪಿತು. ಹಾಗೆ ಬಂದದ್ದೇ ಆ ಏಳು ಕಾರಣಗಳ ಫಾರಂ. ಅದಕ್ಕಾಗಿ ಕೋರ್ಟಿಗೆ ಅಲೆದವರಿಗೆ ಕೈ ಮುಗಿಯಬೇಕು. ಆದರೂ ಮಂಗಳವಾರ ಆ ಫಾರಂ ಪಕ್ಕದ ಮೇಜಿನ ಮೇಲೆಯೇ ಇತ್ತು, ಅವರು ವಾಪಸ್ ಹೋದರು.

ಮೊಮ್ಮಗನ ಕಾರು ಬಂದಾಗ ಅವರು ನನ್ನ ಅಂಗಿಯ ಮೇಲಿನ ‘ನಾನು ಮತ ಹಾಕಿದೆ’ ಸ್ಟಿಕರ್ ನೋಡಿದರು. ಒಂದು ಮೂಲೆ ಮೇಲೆ ಎದ್ದಿತ್ತು. ಬೆರಳಿನಿಂದ ಒತ್ತಿ ಸರಿಯಾಗಿ ಅಂಟಿಸಿದರು. “ನೀನು ಹಾಕಿದ್ಯಲ್ಲ, ಸಂತೋಷ” ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ನಾಳೆ ಶುಕ್ರವಾರ, ಮುಂಗಡ ಮತದಾನದ ಕೊನೆಯ ದಿನ. ಮಗಳ ಪುಸ್ತಕಗಳನ್ನು ಲೈಬ್ರರಿಗೆ ವಾಪಸ್ ಕೊಡುವುದಿದೆ. ಸಂಜೆ ಹೋಗೋಣ ಅಂದುಕೊಂಡಿದ್ದೆ. ಬೇಡ, ಊಟದ ಹೊತ್ತಿಗೇ ಹೋಗುತ್ತೇನೆ. ಅವರು ಬಂದಿದ್ದು ಆ ಹೊತ್ತಿಗೇ.